7600 ಪ್ರೊಸೆಸರ್, ಬಿ650ಎಂ ಬೋರ್ಡ್: ಒಂದು ಗೇಮಿಂಗ್ ಪಿಸಿಯ ಲೆಕ್ಕ ಮತ್ತು ಜೋಡಣೆ

ಮಾನಿಟರ್ 27 ಇಂಚು, 1440ಪಿ, 165 ಹರ್ಟ್ಸ್. ಗ್ರಾಫಿಕ್ಸ್ ಕಾರ್ಡ್ ಎಎಂಡಿ ಆರ್‌ಎಕ್ಸ್ 9060 ಎಕ್ಸ್‌ಟಿ, 16 ಜಿಬಿ. ಇವೆರಡು ಮೊದಲೇ ತೀರ್ಮಾನವಾಗಿದ್ದವು. ಇವಕ್ಕೆ ಹೊಂದುವ ಪ್ರೊಸೆಸರ್ ಮತ್ತು ಮದರ್‌ಬೋರ್ಡನ್ನು ದುಡ್ಡು ಪೋಲಾಗದಂತೆ ಆರಿಸಿ ಜೋಡಿಸಬೇಕಿತ್ತು. ಇಲ್ಲಿರುವ ದರಗಳೆಲ್ಲ 2025ರ ಮಧ್ಯಭಾಗದವು, ಬೆಂಗಳೂರಿನ ಎಸ್.ಪಿ. ರೋಡ್ ಮತ್ತು ಆನ್‌ಲೈನ್ ಅಂಗಡಿಗಳ ದರಕ್ಕೆ ಹತ್ತಿರದವು, 18% ಜಿಎಸ್‌ಟಿ ಸೇರಿದವು. ಆಮೇಲೆ ರ‍್ಯಾಮ್ ಬೆಲೆ ಏರಿ ಲೆಕ್ಕ ಬದಲಾಗಿದೆ. ಅದು ಕೊನೆಯಲ್ಲಿದೆ.

ಹಂತ 1: ತೊಡಕು ನಿಜಕ್ಕೂ ಪ್ರೊಸೆಸರ್‌ನದೇ?

ಹೊಸದು ಕೊಳ್ಳುವ ಮೊದಲು ಹಳೆಯ ಪಿಸಿಯಲ್ಲೇ ಇದನ್ನು ನೋಡಿಬಿಡಬೇಕು. ಎಂಎಸ್‌ಐ ಆಫ್ಟರ್‌ಬರ್ನರ್ ಮತ್ತು ಅದರ ಜೊತೆಗೆ ಬರುವ ರಿವಾಟ್ಯೂನರ್ ಹಾಕಿ, ಗೇಮ್ ಆಡುವಾಗ ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಚಿಪ್) ಬಳಕೆ, ಪ್ರತಿ ಕೋರಿನ ಬಳಕೆ, ಫ್ರೇಮ್ ಟೈಮ್ (ಒಂದೊಂದು ಚಿತ್ರ ಮೂಡಲು ಹಿಡಿಯುವ ಸಮಯ) ಇವಿಷ್ಟು ಪರದೆಯ ಮೂಲೆಯಲ್ಲಿ ಕಾಣುವಂತೆ ಇಡಿ. ಜಿಪಿಯು 95%ಕ್ಕಿಂತ ಮೇಲೆಯೇ ನಿಂತಿದ್ದರೆ ಪ್ರೊಸೆಸರ್ ಬದಲಿಸಿ ಉಪಯೋಗವಿಲ್ಲ. ಅದು 60–70%ಕ್ಕೆ ಇಳಿದು ಫ್ರೇಮ್ ಟೈಮ್ ಗೆರೆ ಮೇಲೆ ಕೆಳಗೆ ಕುಣಿಯುತ್ತಿದ್ದರೆ ಪ್ರೊಸೆಸರ್ ಹಿಂದೆ ಬಿದ್ದಿದೆ.

ಅನುಮಾನ ಉಳಿದರೆ ಗೇಮಿನ ರೆಸಲ್ಯೂಶನ್ನನ್ನು 720ಪಿಗೆ ಇಳಿಸಿ ಅದೇ ಜಾಗದಲ್ಲಿ ಮತ್ತೆ ಓಡಾಡಿ. ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಏರಿದರೆ ತಡೆ ಗ್ರಾಫಿಕ್ಸ್ ಕಾರ್ಡಿನದು, ಇದ್ದಲ್ಲೇ ಇದ್ದರೆ ಪ್ರೊಸೆಸರ್‌ನದು. ಈ ಪಿಸಿಯಲ್ಲಿ ನಾಲ್ಕು ಕೋರ್, ನಾಲ್ಕು ಥ್ರೆಡ್‌ನ ಹಳೆಯ ಐ5 ಇತ್ತು. ರೆಸಲ್ಯೂಶನ್ ಇಳಿಸಿದರೂ ಎಫ್‌ಪಿಎಸ್ ಕದಲಲಿಲ್ಲ, ನಾಲ್ಕೂ ಕೋರ್ 100%ಕ್ಕೆ ಅಂಟಿಕೊಂಡಿದ್ದವು. ಈಗಿನ ಗೇಮ್‌ಗಳಿಗೆ ಆರು ಕೋರ್, ಹನ್ನೆರಡು ಥ್ರೆಡ್ ಕನಿಷ್ಠ ಎಂದು ಇಟ್ಟುಕೊಳ್ಳುವುದು ಸರಿ. ಗೇಮಿಂಗ್ ಒಂದಕ್ಕೇ ಆದರೆ ಎಂಟು ಕೋರಿಗೆ ಕೊಡುವ ಹೆಚ್ಚಿನ ದುಡ್ಡು ಗ್ರಾಫಿಕ್ಸ್ ಕಾರ್ಡಿಗೆ ಹೋಗುವುದು ವಾಸಿ.

ಹಂತ 2: ಮೂರೂ ಸೇರಿಸಿ ಕೂಡಿಸುವುದು

ಹೆಚ್ಚಿನವರು ತಪ್ಪುವುದು ಇಲ್ಲೇ. ಪ್ರೊಸೆಸರ್ ಬೆಲೆಯನ್ನು ಪ್ರೊಸೆಸರ್ ಬೆಲೆಯೊಂದಿಗೆ ಹೋಲಿಸಿ ತೀರ್ಮಾನ ಮಾಡಿಬಿಡುತ್ತಾರೆ. ಪ್ರೊಸೆಸರ್ ಜೊತೆಗೆ ಅದರ ಸಾಕೆಟ್ಟಿನ (ಪ್ರೊಸೆಸರ್ ಕೂರುವ ಜಾಗದ) ಬೋರ್ಡ್, ಆ ಬೋರ್ಡ್ ಕೇಳುವ ರ‍್ಯಾಮ್ ಎರಡೂ ಬರುತ್ತವೆ. ಮೂರನ್ನೂ ಕೂಡಿಸಿದ ಮೊತ್ತವನ್ನೇ ಹೋಲಿಸಬೇಕು.

ಎಎಂ4 (ಎಎಂಡಿಯ ಹಳೆಯ ಸಾಕೆಟ್) ದಾರಿ: ರೈಜೆನ್ 5 5600 ಸುಮಾರು ₹10,000, ಬಿ550ಎಂ ಬೋರ್ಡ್ ₹9,000, ಡಿಡಿಆರ್4 3200ರ ಎರಡು 16 ಜಿಬಿ ಸ್ಟಿಕ್ ₹5,500. ಒಟ್ಟು ₹24,500.

ಇಂಟೆಲ್ ದಾರಿ: ಐ5-12400ಎಫ್ ₹11,000, ಡಿಡಿಆರ್4 ಬಿ760ಎಂ ಬೋರ್ಡ್ ₹10,000, ರ‍್ಯಾಮ್ ಅದೇ ₹5,500. ಒಟ್ಟು ₹26,500. ಎಚ್610 ಬೋರ್ಡ್ ಹಾಕಿದರೆ ಸುಮಾರು ₹3,500 ಇಳಿಯುತ್ತದೆ. ಆದರೆ ಎಚ್610ರಲ್ಲಿ ಪ್ರೊಸೆಸರ್‌ಗೆ ನೇರವಾಗಿ ತಗಲುವ ಎಂ.2 (ಎಸ್‌ಎಸ್‌ಡಿ ಕೂರಿಸುವ) ಸ್ಲಾಟ್ ಇಲ್ಲ, ಎಸ್‌ಎಸ್‌ಡಿ ಪಿಸಿಐಇ (ಕಾರ್ಡು, ಎಸ್‌ಎಸ್‌ಡಿಗಳಿಗೆ ಡೇಟಾ ಸಾಗುವ ದಾರಿ) 3.0 ವೇಗಕ್ಕೇ ನಿಲ್ಲುತ್ತದೆ. ರ‍್ಯಾಮ್ ಸ್ಲಾಟ್ ಎರಡೇ, ರ‍್ಯಾಮ್ ಓವರ್‌ಕ್ಲಾಕ್ ಕೂಡ ಇಲ್ಲ.

ಎಎಂ5 (ಎಎಂಡಿಯ ಹೊಸ ಸಾಕೆಟ್) ದಾರಿ: ರೈಜೆನ್ 5 7600 ₹17,000, ಬಿ650ಎಂ ₹13,000, ಡಿಡಿಆರ್5 6000 ಸಿಎಲ್30ರ ಎರಡು 16 ಜಿಬಿ ₹9,000. ಒಟ್ಟು ₹39,000.

ಅಂದರೆ ಎಎಂ4ಗೂ ಎಎಂ5ಗೂ ನಡುವೆ ₹14,500 ಅಂತರ. ಇಡೀ ಪಿಸಿಯ ಬಜೆಟ್ ₹70,000ದ ಒಳಗಿದ್ದರೆ ಎರಡನೇ ಯೋಚನೆ ಬೇಡ, 5600 ತೆಗೆದುಕೊಂಡು ಆ ₹14,500ನ್ನು ಮೇಲಿನ ದರ್ಜೆಯ ಗ್ರಾಫಿಕ್ಸ್ ಕಾರ್ಡಿಗೆ ಹಾಕಿ. ಗೇಮಿನಲ್ಲಿ ಅದು ಕಣ್ಣಿಗೆ ಕಾಣುತ್ತದೆ. ಈ ಪಿಸಿಯ ಬಜೆಟ್ ₹90,000ದ ಆಸುಪಾಸಿನಲ್ಲಿತ್ತು, ಕಾರ್ಡ್ ಆಗಲೇ ನಿಕ್ಕಿಯಾಗಿತ್ತು. ಹಾಗಾಗಿ ಮುಂದಿನ ಅಪ್‌ಗ್ರೇಡ್ ನೋಡಿ ಎಎಂ5. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ 14ನೇ ತಲೆಮಾರಿಗೆ ಮುಗಿದಿದೆ. ಎಎಂ4ರಲ್ಲಿ 5700ಎಕ್ಸ್3ಡಿ ಒಳ್ಳೆಯ ಕೊನೆಯ ಮೆಟ್ಟಿಲಾಗಿತ್ತು, ಈಗ ಹೊಸ ಪೀಸ್ ಸಿಗುವುದೇ ಅಪರೂಪ. ಎಎಂ5 ಸಾಕೆಟ್ಟನ್ನು 2027ರವರೆಗೆ ಮತ್ತು ಆಚೆಗೂ ಬೆಂಬಲಿಸುವುದಾಗಿ ಎಎಂಡಿ ಬಹಿರಂಗವಾಗಿ ಹೇಳಿದೆ. ಇದೇ ಬೋರ್ಡಿನಲ್ಲಿ ನಾಳೆ 7800ಎಕ್ಸ್3ಡಿ, 9800ಎಕ್ಸ್3ಡಿ ಯಾವುದನ್ನಾದರೂ ಕೂರಿಸಬಹುದು.

ಹಂತ 3: ಹೆಸರಿನಲ್ಲಿರುವ ಬಲೆಗಳು

ಅಂಗಡಿಯಲ್ಲಿ "5600 ಇಲ್ಲ, 5500 ಇದೆ, ಒಂದೇ ಸರ್" ಎನ್ನುವವರಿದ್ದಾರೆ. ಎರಡೂ ಒಂದಲ್ಲ. 5600ಕ್ಕೆ 32 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಮತ್ತು ಪಿಸಿಐಇ 4.0 ಇದೆ. 5500ಕ್ಕೆ 16 ಎಂಬಿ ಕ್ಯಾಶ್, ಪಿಸಿಐಇ 3.0. 5600ಜಿ ಕೂಡ 5500ರ ಹಾಗೆಯೇ.

ಪಿಸಿಐಇ 3.0 ಏಕೆ ಕಾಡುತ್ತದೆ ಎಂದರೆ, ಮಧ್ಯಮ ದರದ ಕಾರ್ಡುಗಳಲ್ಲಿ ಹಲವಕ್ಕೆ 16 ಲೇನ್ (ಪಿಸಿಐಇ ದಾರಿಯ ಎಳೆಗಳು) ಇಲ್ಲ. ಆರ್‌ಟಿಎಕ್ಸ್ 4060, ಆರ್‌ಟಿಎಕ್ಸ್ 5060, ಆರ್‌ಎಕ್ಸ್ 7600 ಇವೆಲ್ಲ 8 ಲೇನ್‌ನವು. ಎಂಟೇ ಲೇನ್ ಇದ್ದು ಅದೂ 3.0 ವೇಗದಲ್ಲಿ ಓಡಿದರೆ, ಕಾರ್ಡಿನ 8 ಜಿಬಿ ಮೆಮೊರಿ ತುಂಬಿ ರ‍್ಯಾಮ್ ಕಡೆಗೆ ಹರಿದಾಗ ಆಟ ತಡವರಿಸುತ್ತದೆ. ಸರಾಸರಿ ಎಫ್‌ಪಿಎಸ್ ಚೆನ್ನಾಗಿಯೇ ಕಂಡರೂ ತಿರುವಿನಲ್ಲಿ ಒಮ್ಮೆಲೇ ನಿಂತಂತಾಗುವುದು ಇದರಿಂದಲೇ. 9060 ಎಕ್ಸ್‌ಟಿಗೆ 16 ಲೇನ್ ಇರುವುದರಿಂದ ಈ ಪಿಸಿಯಲ್ಲಿ ಆ ಭಯವಿರಲಿಲ್ಲ.

ಎಎಂ5ರಲ್ಲೂ ಇಂಥದ್ದೇ ಇದೆ. 8400ಎಫ್, 8500ಜಿ ಅಗ್ಗಕ್ಕೆ ಸಿಗುತ್ತವೆ. 8400ಎಫ್‌ನಲ್ಲಿ ಕ್ಯಾಶ್ 16 ಎಂಬಿ, ಗ್ರಾಫಿಕ್ಸ್ ಕಾರ್ಡಿಗೆ 8 ಲೇನ್. 8500ಜಿಯಲ್ಲಿ ಬರೀ 4. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕುವ ಗೇಮಿಂಗ್ ಪಿಸಿಗೆ ಎರಡೂ ಬೇಡ.

ನಿಜವಾದ ಪೈಪೋಟಿ 7500ಎಫ್‌ನದು. 7600ಕ್ಕಿಂತ 100 ಮೆಗಾಹರ್ಟ್ಸ್ ಕಡಿಮೆ, ಒಳಗಿನ ಗ್ರಾಫಿಕ್ಸ್ ಇಲ್ಲ, ಅಷ್ಟೇ ವ್ಯತ್ಯಾಸ. ₹3,000 ಉಳಿಯುತ್ತದೆ. ಆದರೆ ಇಲ್ಲಿ ಅದು ಹೆಚ್ಚಾಗಿ ಟ್ರೇ ಪೀಸ್ ಆಗಿ ಬರುತ್ತದೆ, ಅಂದರೆ ಡಬ್ಬವಿಲ್ಲ, ಕೂಲರ್ ಇಲ್ಲ, ವಾರಂಟಿ ಮಾರಿದವರ ಮಾತಿನ ಮೇಲೆ. ಕೂಲರ್‌ಗೆ ₹1,500–2,000 ಸೇರಿಸಿದರೆ ಉಳಿತಾಯ ಅರ್ಧಕ್ಕೆ ಅಥವಾ ಇನ್ನೂ ಕೆಳಕ್ಕೆ ಇಳಿಯುತ್ತದೆ. ಡಬ್ಬದ 7600ಕ್ಕೆ ಮೂರು ವರ್ಷದ ವಾರಂಟಿ, ವ್ರೈತ್ ಸ್ಟೆಲ್ತ್ ಕೂಲರ್, ಮೇಲಾಗಿ ಒಳಗಿನ ಚಿಕ್ಕ ಗ್ರಾಫಿಕ್ಸ್. ಕಾರ್ಡ್ ಕೈಕೊಟ್ಟ ದಿನ ಪಿಸಿ ಸತ್ತಿದೆಯೋ ಕಾರ್ಡ್ ಸತ್ತಿದೆಯೋ ಎಂದು ಐದು ನಿಮಿಷದಲ್ಲಿ ಗೊತ್ತಾಗಲು ಆ ಚಿಕ್ಕ ಗ್ರಾಫಿಕ್ಸ್ ಸಾಕು. ಅದಕ್ಕಾಗಿ 7600. 2024ರ ಆಗಸ್ಟಿನ 9600ಎಕ್ಸ್ ಹೊಸದು ನಿಜ, ಆದರೆ ಗೇಮಿನಲ್ಲಿ ಅಂತರ ಸಣ್ಣದು, ಡಬ್ಬದಲ್ಲಿ ಕೂಲರ್ ಬರುವುದಿಲ್ಲ.

ಇಂಟೆಲ್ ಕಡೆ ಹೋಗುವವರಿಗೆ ಒಂದು ಮಾತು: 13 ಮತ್ತು 14ನೇ ತಲೆಮಾರಿನ ಮೇಲ್ದರ್ಜೆಯ ಪ್ರೊಸೆಸರ್‌ಗಳಲ್ಲಿ ಹೆಚ್ಚಿನ ವೋಲ್ಟೇಜ್‌ನಿಂದ ಕ್ರ್ಯಾಶ್ ಆಗುವ ತೊಂದರೆ ಇತ್ತು. ಇಂಟೆಲ್ 2024ರ ಆಗಸ್ಟಿನಿಂದ ಮೈಕ್ರೋಕೋಡ್ ತಿದ್ದುಪಡಿ ಕೊಟ್ಟಿದೆ. ಅಂಥದ್ದನ್ನು ಕೂರಿಸುವ ಮೊದಲ ದಿನವೇ ಬಯೋಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಹೊಸದು ಮಾಡಿ. 12400ಎಫ್‌ಗೆ ಈ ತಾಪತ್ರಯವಿಲ್ಲ.

ಹಂತ 4: ಬೋರ್ಡಿನಲ್ಲಿ ಯಾವುದಕ್ಕೆ ದುಡ್ಡು ಕೊಡಬೇಕು

ಚಿಪ್‌ಸೆಟ್ ಹೆಸರು ದೊಡ್ಡದಾದಷ್ಟೂ ಎಫ್‌ಪಿಎಸ್ ಏರುವುದಿಲ್ಲ. ಎ620ರಲ್ಲೂ ಎಕ್ಸ್670ರಲ್ಲೂ 7600 ಒಂದೇ ಎಫ್‌ಪಿಎಸ್ ಕೊಡುತ್ತದೆ. ಹಾಗಿದ್ದರೆ ₹8,500ರ ಎ620ಎಂ ಬಿಟ್ಟು ₹13,000ದ ಬಿ650ಎಂ ಏಕೆ?

ಮೊದಲನೆಯದು ವಿಆರ್‌ಎಂ. ಸಾಕೆಟ್ಟಿನ ಎಡಕ್ಕೂ ಮೇಲಕ್ಕೂ ಸಾಲಾಗಿ ನಿಂತಿರುವ ಚೌಕದ ಚೋಕ್‌ಗಳು ಮತ್ತು ಅವುಗಳ ಪಕ್ಕದ ಮಾಸ್‌ಫೆಟ್‌ಗಳೇ ಪ್ರೊಸೆಸರ್‌ಗೆ ಕರೆಂಟ್ ಕೊಡುವುದು. 7600ರ ಟಿಡಿಪಿ (ತಯಾರಕರು ಹೇಳುವ ಶಾಖದ ಅಂದಾಜು) 65 ವ್ಯಾಟ್, ಸಾಕೆಟ್ಟಿನಿಂದ ಎಳೆಯುವ ಮಿತಿ 88 ವ್ಯಾಟ್. ಇಷ್ಟನ್ನು ಯಾವ ಬೋರ್ಡಾದರೂ ಹೊರುತ್ತದೆ. ಆದರೆ ಮಾಸ್‌ಫೆಟ್ ಮೇಲೆ ಹೀಟ್‌ಸಿಂಕ್ ಇಲ್ಲದ ಎ620 ಬೋರ್ಡಿನಲ್ಲಿ ನಾಳೆ 120 ವ್ಯಾಟಿನ ಎಕ್ಸ್3ಡಿ ಹಾಕಿದರೆ, ಬೇಸಿಗೆಯಲ್ಲಿ ಅದು ವೇಗ ಇಳಿಸಿಕೊಳ್ಳಬಹುದು. ಕೆಲವು ಎ620 ಬೋರ್ಡುಗಳ ಬೆಂಬಲ ಪಟ್ಟಿಯಲ್ಲೇ ದೊಡ್ಡ ಪ್ರೊಸೆಸರ್‌ಗಳಿಲ್ಲ. ತಯಾರಕರ ಪುಟದಲ್ಲಿ ಆ ಪಟ್ಟಿ ತೆರೆದು ಮುಂದೆ ಹಾಕಬೇಕೆಂದಿರುವ ಪ್ರೊಸೆಸರ್ ಹೆಸರು ಇದೆಯೇ ಎಂದು ನೋಡಿಯೇ ದುಡ್ಡು ಕೊಡಿ.

ಎರಡನೆಯದು ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್. ಹಿಂದಿನ ಪೋರ್ಟ್‌ಗಳ ಸಾಲಿನಲ್ಲಿ ಒಂದು ಪುಟ್ಟ ಗುಂಡಿ. ಪ್ರೊಸೆಸರ್ ಇಲ್ಲದೆಯೂ, ಅಥವಾ ಬೋರ್ಡಿಗೆ ಗುರುತು ಸಿಗದ ಹೊಸ ಪ್ರೊಸೆಸರ್ ಕೂರಿಸಿದ್ದರೂ, ಇದರಿಂದ ಬಯೋಸ್ ಹಾಕಬಹುದು. ಹಳೆಯ ಸ್ಟಾಕಿನ ಬಿ650 ಬೋರ್ಡಿಗೆ 9000 ಸರಣಿಯ ಪ್ರೊಸೆಸರ್ ಹಾಕುವವರಿಗೆ ಇದಿಲ್ಲದಿದ್ದರೆ ಅಂಗಡಿಗೆ ಓಡುವುದೇ ಗತಿ. ಪೆನ್‌ಡ್ರೈವ್ ಎಫ್‌ಎಟಿ32 ಆಗಿರಬೇಕು, ಫೈಲಿನ ಹೆಸರನ್ನು ಬೋರ್ಡಿನ ಕೈಪಿಡಿಯಲ್ಲಿ ಹೇಳಿದ ಹಾಗೆಯೇ ಬದಲಿಸಬೇಕು, ಗುರುತು ಮಾಡಿದ ಪೋರ್ಟಿಗೇ ಚುಚ್ಚಬೇಕು. ಫ್ಲ್ಯಾಶ್‌ಬ್ಯಾಕ್ "ಕೆಲಸ ಮಾಡುತ್ತಿಲ್ಲ" ಎನ್ನುವವರಲ್ಲಿ ಹೆಚ್ಚಿನವರದು ಈ ಮೂರರಲ್ಲೊಂದು.

ಮೂರನೆಯದು ಪಿಬಿಒ ಮತ್ತು ಕರ್ವ್ ಆಪ್ಟಿಮೈಜರ್, ಅಂದರೆ ಪ್ರೊಸೆಸರ್‌ನ ವೇಗ, ವೋಲ್ಟೇಜ್ ತಿದ್ದುವ ಬಯೋಸ್ ಸೆಟ್ಟಿಂಗುಗಳು. ಬಿ650ರಲ್ಲಿ ಇದೆ, ಎ620ರಲ್ಲಿ ಇಲ್ಲ. ನಮ್ಮ ಹವೆಯಲ್ಲಿ ಇದು ತುಂಬ ಬೇಕಾಗುವ ವಸ್ತು, ಹಂತ 7 ನೋಡಿ.

ಉಳಿದಂತೆ ಎರಡು ಎಂ.2 ಸ್ಲಾಟ್, ಹಿಂದೆ ಕನಿಷ್ಠ ಆರು ಯುಎಸ್‌ಬಿ, ತೊಂದರೆ ಎಲ್ಲಿದೆ ಎಂದು ತೋರಿಸುವ ನಾಲ್ಕು ಡೀಬಗ್ ಎಲ್‌ಇಡಿ. ಆ ಎಲ್‌ಇಡಿಗಳ ಬೆಲೆ ತಯಾರಕರಿಗೆ ಕೆಲವು ರೂಪಾಯಿ, ಜೋಡಿಸುವವರಿಗೆ ಅರ್ಧ ದಿನ ಉಳಿಯುತ್ತದೆ. ನಾಲ್ಕು ರ‍್ಯಾಮ್ ಸ್ಲಾಟಿಗಾಗಿ ಹೆಚ್ಚು ಕೊಡಬೇಕಿಲ್ಲ. 7000 ಸರಣಿಯಲ್ಲಿ ಎರಡು ಸ್ಟಿಕ್ಕಿಗೆ ಎಎಂಡಿಯ ಅಧಿಕೃತ ವೇಗ 5200, ನಾಲ್ಕು ಹಾಕಿದರೆ 3600ಕ್ಕೆ ಇಳಿಯುತ್ತದೆ. 16 ಜಿಬಿಯ ಎರಡು ಸ್ಟಿಕ್ ಹಾಕಿ ಮುಗಿಸಿ.

ಬಣ್ಣದ ದೀಪ, ಪಿಸಿಐಇ 5.0 ಗ್ರಾಫಿಕ್ಸ್ ಸ್ಲಾಟ್, ದೊಡ್ಡ ಎಟಿಎಕ್ಸ್ ಅಳತೆ ಇವುಗಳಿಗೆ ಒಂದು ರೂಪಾಯಿಯನ್ನೂ ಕೊಡಲಿಲ್ಲ. ವೈ-ಫೈ ಬೇಕಿದ್ದವರು ಮಾತ್ರ ₹1,000 ಹೆಚ್ಚು ಕೊಟ್ಟು ವೈ-ಫೈ ಇರುವ ಮಾದರಿ ನೋಡಿ.

ಬಿಲ್ ಹೀಗಾಯಿತು: 7600 ₹17,000, ಬಿ650ಎಂ ₹13,000, ರ‍್ಯಾಮ್ ₹9,000, ಕಾರ್ಡ್ ₹37,000, 1 ಟಿಬಿ ಪಿಸಿಐಇ 4.0 ಎಸ್‌ಎಸ್‌ಡಿ ₹5,500, 650 ವ್ಯಾಟ್ ಬ್ರಾಂಜ್ ಎಸ್‌ಎಂಪಿಎಸ್ ₹5,000, ಮೂರು ಫ್ಯಾನಿನ ಕ್ಯಾಬಿನೆಟ್ ₹4,000. ಒಟ್ಟು ₹90,500.

ಹಂತ 5: ಕ್ಯಾಬಿನೆಟ್ಟಿನ ಹೊರಗೆ ಜೋಡಣೆ

ಬೇಕಾದ ಉಪಕರಣ ಒಂದು ಆಯಸ್ಕಾಂತದ ತುದಿಯ ಫಿಲಿಪ್ಸ್ ಸ್ಕ್ರೂಡ್ರೈವರ್. ಬೋರ್ಡಿನ ಖಾಲಿ ರಟ್ಟಿನ ಡಬ್ಬದ ಮೇಲೆಯೇ ಬೋರ್ಡ್ ಇಟ್ಟು ಮೊದಲು ಓಡಿಸಿ ನೋಡಿ. ಕ್ಯಾಬಿನೆಟ್ಟಿಗೆ ಬಿಗಿದ ಮೇಲೆ ತಪ್ಪು ಸಿಕ್ಕರೆ ಎಲ್ಲ ಬಿಚ್ಚಬೇಕು.

ಎಎಂ5ರಲ್ಲಿ ಪಿನ್‌ಗಳು ಇರುವುದು ಬೋರ್ಡಿನ ಸಾಕೆಟ್ಟಿನಲ್ಲಿ. ಲಿವರ್ ಎತ್ತಿ, ಲೋಹದ ಚೌಕಟ್ಟು ತೆರೆದು, ಪ್ರೊಸೆಸರ್ ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಸರಿಹೊಂದಿಸಿ ಸುಮ್ಮನೆ ಇಳಿಸಿಬಿಡಿ. ಒತ್ತಬಾರದು, ಎಳೆದು ಸರಿಸಬಾರದು. ಕಪ್ಪು ಪ್ಲಾಸ್ಟಿಕ್ ಮುಚ್ಚಳವನ್ನು ಮೊದಲೇ ಕೀಳಬೇಡಿ, ಲಿವರ್ ಇಳಿಸುವಾಗ ತಾನೇ ಹಾರಿ ಬರುತ್ತದೆ. ಲಿವರ್‌ಗೆ ಸಾಕಷ್ಟು ಬಲ ಬೇಕು, ಅದು ಸಹಜ. ಆ ಮುಚ್ಚಳ ಎತ್ತಿಡಿ, ಬೋರ್ಡ್ ವಾರಂಟಿಗೆ ಹೋಗುವಾಗ ಅದಿಲ್ಲದೆ ತೆಗೆದುಕೊಳ್ಳದೇ ಇರಬಹುದು.

ವ್ರೈತ್ ಸ್ಟೆಲ್ತ್ ಸ್ಕ್ರೂ ಹಾಕುವ ಕೂಲರ್. ಬೋರ್ಡಿನ ಎರಡು ಪ್ಲಾಸ್ಟಿಕ್ ಕೊಂಡಿಗಳ ನಾಲ್ಕು ಸ್ಕ್ರೂ ಬಿಚ್ಚಿ ಕೊಂಡಿಗಳನ್ನು ತೆಗೆಯಬೇಕು. ಎಎಂ5ರಲ್ಲಿ ಹಿಂದಿನ ಲೋಹದ ತಟ್ಟೆ ಸಾಕೆಟ್ಟಿಗೇ ಬಿಗಿದಿರುತ್ತದೆ, ಬೀಳುವುದಿಲ್ಲ. ಎಎಂ4ರಲ್ಲಿ ಸ್ಕ್ರೂ ಬಿಚ್ಚಿದ ಕೂಡಲೇ ತಟ್ಟೆ ಕೆಳಗೆ ಬೀಳುತ್ತದೆ, ಕೈಯಲ್ಲಿ ಹಿಡಿದಿರಬೇಕು. ಕೂಲರಿನ ತಳದಲ್ಲಿ ಪೇಸ್ಟ್ ಹಚ್ಚಿಯೇ ಬರುತ್ತದೆ, ಮತ್ತೆ ಹಚ್ಚಬೇಡಿ. ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ, ಒಂದೊಂದಕ್ಕೆ ಎರಡೆರಡು ಸುತ್ತು ಕೊಡುತ್ತ ಬಿಗಿಯಿರಿ. ಒಂದನ್ನೇ ಪೂರ್ತಿ ಬಿಗಿದರೆ ಕೂಲರ್ ವಾಲಿ ಒಂದು ಕಡೆ ಪೇಸ್ಟ್ ತೆಳ್ಳಗಾಗುತ್ತದೆ.

ರ‍್ಯಾಮ್ ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ, ಅಂದರೆ ಎ2 ಮತ್ತು ಬಿ2. ಎಸ್‌ಎಸ್‌ಡಿ ಹೀಟ್‌ಸಿಂಕಿನ ಕೆಳಗಿರುವ ಥರ್ಮಲ್ ಪ್ಯಾಡ್‌ನ ಪಾರದರ್ಶಕ ಹಾಳೆಯನ್ನು ಸುಲಿಯಿರಿ.

ಎಸ್‌ಎಂಪಿಎಸ್‌ನಿಂದ 24 ಪಿನ್ ಮತ್ತು ಪ್ರೊಸೆಸರ್‌ನ 8 ಪಿನ್. ಪ್ರೊಸೆಸರ್‌ನದು 4+4 ಆಗಿ ಸೀಳುತ್ತದೆ, ಗ್ರಾಫಿಕ್ಸ್ ಕಾರ್ಡಿನದು 6+2. ಒಂದನ್ನು ಇನ್ನೊಂದರ ಜಾಗಕ್ಕೆ ತುರುಕಬೇಡಿ.

ಹಂತ 6: ಮೊದಲ ಬೂಟ್, ಮತ್ತು ಏಳದ ಎಕ್ಸ್‌ಪೋ

ಕಾರ್ಡ್ ಹಾಕದೆ, ಬೋರ್ಡಿನ ಎಚ್‌ಡಿಎಂಐಗೆ ಮಾನಿಟರ್ ಚುಚ್ಚಿ ಆನ್ ಮಾಡಲಾಯಿತು. ಪರದೆ ಕಪ್ಪು, ಡಿರ‍್ಯಾಮ್ ಎಲ್‌ಇಡಿ ಉರಿಯುತ್ತಲೇ ಇತ್ತು. ಇದು ಕೆಟ್ಟ ಸೂಚನೆ ಅಲ್ಲ. ಡಿಡಿಆರ್5 ಮೊದಲ ಸಲ ಟ್ರೇನಿಂಗ್ (ಬೋರ್ಡಿಗೆ ತಕ್ಕಂತೆ ಹೊಂದಿಸಿಕೊಳ್ಳುವುದು) ಮಾಡಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುತ್ತದೆ. ಹತ್ತು ನಿಮಿಷ ಮುಟ್ಟದೆ ಬಿಡಿ. ಹೊಸಬರು ಎರಡೇ ನಿಮಿಷಕ್ಕೆ ಪವರ್ ತೆಗೆದು, ರ‍್ಯಾಮ್ ಕಿತ್ತು, ಬೋರ್ಡ್ ಕೆಟ್ಟಿದೆ ಎಂದು ಅಂಗಡಿಗೆ ಹೊತ್ತುಕೊಂಡು ಹೋಗುವುದು ಇದಕ್ಕಾಗಿಯೇ.

ಬಯೋಸ್ ತೆರೆಯಿತು, ರ‍್ಯಾಮ್ 4800ರಲ್ಲಿ. ಎಕ್ಸ್‌ಪೋ (ಸ್ಟಿಕ್ಕಿನಲ್ಲೇ ಬರೆದಿಟ್ಟ ಹೆಚ್ಚಿನ ವೇಗದ ಸೆಟ್ಟಿಂಗ್) ಆನ್ ಮಾಡಿ 6000ಕ್ಕೆ ಏರಿಸಿದಾಗ ಬೋರ್ಡ್ ಮತ್ತೆ ಮತ್ತೆ ಆನ್ ಆಫ್ ಆಗಿ ಕೊನೆಗೆ 4800ಕ್ಕೇ ಮರಳಿತು. ಸ್ಟಿಕ್ ಬದಲಿಸಿ ಕೂರಿಸಿದರೂ ಅದೇ. ಬಯೋಸ್ ತಾರೀಖು ನೋಡಿದರೆ 2023ರ ಆರಂಭದ್ದು. ಆಗಿನ ಬಯೋಸ್‌ಗಳಲ್ಲಿ ಮೆಮೊರಿ ಹೊಂದಾಣಿಕೆ ದುರ್ಬಲವಾಗಿತ್ತು. ಇನ್ನೂ ಗಂಭೀರವಾದದ್ದು, ಕೆಲವು ಬೋರ್ಡುಗಳು ಎಕ್ಸ್‌ಪೋ ಹಾಕಿದಾಗ ಎಸ್‌ಒಸಿ (ಪ್ರೊಸೆಸರ್‌ನಲ್ಲಿ ಮೆಮೊರಿ ನಿಯಂತ್ರಿಸುವ ಭಾಗದ) ವೋಲ್ಟೇಜನ್ನು ಮಿತಿಮೀರಿ ಏರಿಸುತ್ತಿದ್ದವು. 2023ರ ಏಪ್ರಿಲ್‌ನಲ್ಲಿ 7800ಎಕ್ಸ್3ಡಿ ಸುಟ್ಟ ಪ್ರಕರಣಗಳ ನಂತರ ಎಎಂಡಿ ಅದಕ್ಕೆ 1.3 ವೋಲ್ಟ್ ಮಿತಿ ಹಾಕಿತು. ಆದ್ದರಿಂದ ಹಳೆಯ ಬಯೋಸ್ ಕಂಡರೆ ಎಕ್ಸ್‌ಪೋ ಮುಟ್ಟುವ ಮೊದಲೇ ಅಪ್‌ಡೇಟ್ ಮಾಡಿ.

ಪೆನ್‌ಡ್ರೈವಿನಲ್ಲಿ ಹೊಸ ಬಯೋಸ್ ಹಾಕಿ, ಪಿಸಿಯನ್ನು ಯುಪಿಎಸ್ ಮೇಲೆ ಇಟ್ಟು, ಬಯೋಸ್ ಒಳಗಿನ ಫ್ಲ್ಯಾಶ್ ಉಪಕರಣದಿಂದಲೇ ಅಪ್‌ಡೇಟ್ ಆಯಿತು. ನಡುವೆ ಕರೆಂಟ್ ಹೋದರೆ ಬೋರ್ಡ್ ಏಳದಿರಬಹುದು, ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಈಗ ಎಕ್ಸ್‌ಪೋ 6000 ಒಂದೇ ಸಲಕ್ಕೆ ನಿಂತಿತು. ವಿಂಡೋಸ್ ಹಾಕುವ ಮೊದಲು ರಾತ್ರಿಯಿಡೀ ಮೆಮ್‌ಟೆಸ್ಟ್86, ನಾಲ್ಕು ಸುತ್ತು, ಒಂದೂ ದೋಷವಿಲ್ಲದೆ. ಒಂದೇ ಒಂದು ದೋಷ ಬಂದರೂ ಮೆಮೊರಿ ವೇಗವನ್ನು 5600ಕ್ಕೆ ಇಳಿಸಿ ಮತ್ತೆ ಓಡಿಸಬೇಕು, ಇಲ್ಲದಿದ್ದರೆ ವಿಂಡೋಸ್ ಫೈಲುಗಳು ಸದ್ದಿಲ್ಲದೆ ಕೆಡುತ್ತವೆ.

ಪ್ರತಿ ಬೂಟ್‌ಗೂ ಟ್ರೇನಿಂಗ್ ಆಗಿ ತಡವಾಗುತ್ತಿದ್ದರೆ ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್ ಆನ್ ಮಾಡಿ, ಅದರ ಜೊತೆ ಪವರ್ ಡೌನ್ ಎನೇಬಲ್ ಕೂಡ ಆನ್ ಇರಲಿ. ರೀಸೈಜಬಲ್ ಬಾರ್, ಎಫ್‌ಟಿಪಿಎಂ, ಸೆಕ್ಯೂರ್ ಬೂಟ್ ಇವನ್ನೂ ಈಗಲೇ ಆನ್ ಮಾಡಿಬಿಡಿ. ವಿಂಡೋಸ್ 11ರಲ್ಲಿ ವ್ಯಾಲರಂಟ್ ಗೇಮ್ ಕೊನೆಯ ಎರಡನ್ನು ಕೇಳುತ್ತದೆ.

ಹಂತ 7: ಶಾಖ

ಕ್ಯಾಬಿನೆಟ್ಟಿಗೆ ಕೂರಿಸುವಾಗ ಒಂದೇ ಎಚ್ಚರ: ಬೋರ್ಡ್ ಚಿಕ್ಕದು, ಕ್ಯಾಬಿನೆಟ್ ಎಟಿಎಕ್ಸ್. ಬೋರ್ಡಿನಲ್ಲಿ ತೂತು ಇಲ್ಲದ ಜಾಗದ ಹಿತ್ತಾಳೆ ಸ್ಟ್ಯಾಂಡ್‌ಆಫ್ ಬಿಚ್ಚಿ ತೆಗೆಯಬೇಕು, ಅದು ಹಿಂಬದಿಗೆ ತಗುಲಿದರೆ ಶಾರ್ಟ್ ಆಗುತ್ತದೆ. ಪ್ರೊಸೆಸರ್‌ನ 8 ಪಿನ್ ವೈರನ್ನು ಬೋರ್ಡ್ ಬಿಗಿಯುವ ಮೊದಲೇ ಮೇಲಿನ ತೂತಿನಿಂದ ಎಳೆದಿಡಿ.

ಸಿನಿಬೆಂಚ್ ಆರ್23 (ಪ್ರೊಸೆಸರ್‌ಗೆ ಪೂರ್ತಿ ಭಾರ ಹಾಕುವ ಪರೀಕ್ಷೆ) ಹತ್ತು ನಿಮಿಷ ಓಡಿಸಿದಾಗ ವ್ರೈತ್ ಸ್ಟೆಲ್ತ್‌ನಲ್ಲಿ ತಾಪ 90 ಡಿಗ್ರಿ ದಾಟಿತು. 7600ರ ಮಿತಿ 95. ಗೇಮಿನಲ್ಲಿ ಇಷ್ಟು ಏರುವುದಿಲ್ಲ, ಆದರೂ ಫ್ಯಾನ್ ಸದ್ದು ಜೋರು. ಪಿಬಿಒದ ಕರ್ವ್ ಆಪ್ಟಿಮೈಜರ್‌ನಲ್ಲಿ ಎಲ್ಲ ಕೋರಿಗೆ ಮೈನಸ್ 30 ಕೊಟ್ಟಾಗ, ಅಂದರೆ ವೋಲ್ಟೇಜ್ ಇಳಿಸಿದಾಗ, ಸಿನಿಬೆಂಚ್ ಚೆನ್ನಾಗಿ ಮುಗಿಯಿತು, ತಾಪವೂ ಇಳಿಯಿತು. ಆದರೆ ಏನೂ ಕೆಲಸವಿಲ್ಲದೆ ಬ್ರೌಸರ್ ತೆರೆದಿಟ್ಟಾಗ ಪಿಸಿ ತಾನಾಗಿ ರೀಸ್ಟಾರ್ಟ್ ಆಯಿತು. ವೋಲ್ಟೇಜ್ ಸಾಲದಿದ್ದಾಗ ಅದು ಸೋಲುವುದು ಭಾರದಲ್ಲಲ್ಲ, ಹಗುರ ಕೆಲಸದಲ್ಲಿ ಒಂದೇ ಕೋರ್ ಗರಿಷ್ಠ ವೇಗಕ್ಕೆ ಜಿಗಿಯುವಾಗ. ಹಾಗಾಗಿ ಸಿನಿಬೆಂಚ್ ಪಾಸಾಯಿತೆಂದು ನಂಬಬಾರದು, ಕೋರ್‌ಸೈಕ್ಲರ್‌ನಿಂದ ಒಂದೊಂದೇ ಕೋರ್ ಪರೀಕ್ಷಿಸಬೇಕು. ಮೈನಸ್ 20ರಲ್ಲೂ ಒಂದು ಕೋರ್ ಸೋತಿತು, ಮೈನಸ್ 15 ನಿಂತಿತು.

ಬೆಂಗಳೂರು, ಮೈಸೂರಿಗೆ ಈ ಕೂಲರ್ ಸಾಕು. ಕಲಬುರಗಿ, ರಾಯಚೂರಿನ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಎ.ಸಿ. ಇಲ್ಲದ ಕೋಣೆಯಲ್ಲಿ ಆಡುವವರು ₹2,000ದ 120 ಎಂಎಂ ಫ್ಯಾನಿನ ಟವರ್ ಕೂಲರ್ ಸೇರಿಸಿಯೇ ಬಜೆಟ್ ಹಾಕಿಕೊಳ್ಳಿ.

ಕೊನೆಗೆ ಕಾರ್ಡ್ ಹಾಕಿ, ಮಾನಿಟರ್ ವೈರನ್ನು ಬೋರ್ಡಿನಿಂದ ಕಿತ್ತು ಕಾರ್ಡಿಗೆ ಚುಚ್ಚಿ, ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 60 ಹರ್ಟ್ಸ್‌ನಿಂದ 165ಕ್ಕೆ ಬದಲಿಸಲಾಯಿತು. 1440ಪಿಯಲ್ಲಿ ಭಾರದ ಗೇಮ್‌ಗಳಲ್ಲಿ ಜಿಪಿಯು 97–99%ರಲ್ಲಿ ನಿಂತಿದೆ, ಪ್ರೊಸೆಸರ್‌ನಲ್ಲಿ ಇನ್ನೂ ಕಸುವು ಉಳಿದಿದೆ.

ಹಂತ 8: ಈಗ ಕೊಳ್ಳುವವರಿಗೆ

2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಡಿಡಿಆರ್5 ಕಿಟ್‌ಗಳು ಎರಡು ಪಟ್ಟು ದಾಟಿವೆ, ಡಿಡಿಆರ್4 ಕೂಡ ದುಬಾರಿ. ಹಂತ 2ರ ಮೊತ್ತವನ್ನು ಕೊಳ್ಳುವ ದಿನದ ರ‍್ಯಾಮ್ ದರ ಹಾಕಿ ಮತ್ತೆ ಕೂಡಿಸಿ. ಮನೆಯಲ್ಲಿ ಹಳೆಯ ಡಿಡಿಆರ್4 3200ರ 8 ಜಿಬಿ ಸ್ಟಿಕ್ ಎರಡಿದ್ದರೆ, ಈಗ 5600 ಮತ್ತು ಬಿ550ಎಂ ತೆಗೆದುಕೊಂಡು ಅದನ್ನೇ ಹಾಕುವುದು ಅತ್ಯಂತ ಒಳ್ಳೆಯ ಲೆಕ್ಕ. ಹಳೆಯ ಬೋರ್ಡೇ ಎಎಂ4 ಆಗಿದ್ದರೆ ಬೋರ್ಡೂ ಬೇಡ: ತಯಾರಕರ ಪುಟದಲ್ಲಿ 5600ಕ್ಕೆ ಬೇಕಾದ ಬಯೋಸ್ ಆವೃತ್ತಿ ನೋಡಿ, ಹಳೆಯ ಪ್ರೊಸೆಸರ್ ಇರುವಾಗಲೇ ಆ ಬಯೋಸ್ ಹಾಕಿ, ಆಮೇಲೆ ಕೂಲರ್ ಬಿಚ್ಚಿ. ಬಿಚ್ಚುವ ಮೊದಲು ಹತ್ತು ನಿಮಿಷ ಗೇಮ್ ಓಡಿಸಿ ಪೇಸ್ಟ್ ಬಿಸಿಯಾಗಲಿ. ಪವರ್ ತೆಗೆದು, ಸ್ಕ್ರೂ ಸಡಿಲಿಸಿ, ಕೂಲರನ್ನು ಎಡಕ್ಕೂ ಬಲಕ್ಕೂ ತಿರುಚಿ ಎತ್ತಿ. ನೇರ ಮೇಲಕ್ಕೆ ಎಳೆದರೆ ಎಎಂ4 ಪ್ರೊಸೆಸರ್ ಲಾಕ್ ಆಗಿದ್ದ ಸಾಕೆಟ್ಟಿನಿಂದಲೇ ಕಿತ್ತು ಬಂದು ಪಿನ್ ಬಾಗುತ್ತದೆ.